ರಾಜಿಯಾದ ಸಾಲ, ಮುಗಿಯದ ದಾವೆ

ಸಾಲವನ್ನು ಕಂತಿನಲ್ಲಿ ತೀರಿಸುತ್ತೇನೆಂದು ವಸೂಲಿಗಾರರೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಕೋರ್ಟಿನ ಭಯ ಕಳೆಯಿತೆಂದು ನಂಬುವವರೇ ಹೆಚ್ಚು. ಆ ನಂಬಿಕೆಯಲ್ಲಿ ಅಸಹಜವಾದದ್ದೇನೂ ಇಲ್ಲ. ಎರಡೂ ಕಡೆಯವರು ಮಾತಾಡಿ, ಇಷ್ಟು ತಿಂಗಳು ಇಷ್ಟಿಷ್ಟು ಎಂದು ನಿರ್ಧರಿಸಿ, ಮೊದಲ ಕಂತನ್ನೂ ಕಟ್ಟಿದ ಮೇಲೆ ವ್ಯಾಜ್ಯಕ್ಕೆ ಇನ್ನೇನು ಉಳಿದಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಪ್ಪಂದ ಇರುವುದು ಸಾಲ ಪಡೆದವರ ಮತ್ತು ವಸೂಲಿಗಾರರ ನಡುವೆ. ದಾವೆ ಇರುವುದು ನ್ಯಾಯಾಲಯದ ಕಡತದಲ್ಲಿ. ಆ ಕಡತದೊಳಗೆ ಬಾರದ ಮಾತು, ಬಾರದ ರಸೀದಿ, ಬಾರದ ಭರವಸೆ ಯಾವುದೂ ನ್ಯಾಯಾಧೀಶರ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಒಂದು ಕಡೆ ಕಂತುಗಳು ತಪ್ಪದೆ ಜಮೆಯಾಗುತ್ತಿರುವಾಗಲೇ ಇನ್ನೊಂದು ಕಡೆ ಪೂರ್ತಿ ಮೊತ್ತಕ್ಕೆ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಮಾನ, ಆಗಿಬಿಡುವುದು ಸಾಧ್ಯ, ಮತ್ತು ಅದು ಅಪರೂಪವೂ ಅಲ್ಲ.

ನಾನು ವಕೀಲನಲ್ಲ. ನೋಟಿಸು, ಸಮನ್ಸು, ಒಪ್ಪಂದದ ಪತ್ರಗಳನ್ನು ಹಿಡಿದುಕೊಂಡು ಬಂದ ಪರಿಚಿತರೊಂದಿಗೆ ಕುಳಿತು ಅವುಗಳನ್ನು ಸಾಲುಸಾಲಾಗಿ ಓದುವ ಕೆಲಸ ಮಾತ್ರ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಓದುತ್ತಾ ಹೋದಂತೆ ಒಂದು ಸಂಗತಿ ನನಗೆ ಮತ್ತೆ ಮತ್ತೆ ಎದುರಾಗಿದೆ: ಸಾಲ ಕಟ್ಟದೆ ತಪ್ಪಿಸಿಕೊಳ್ಳಲು ನೋಡಿದವರಿಗಿಂತ, ಕಟ್ಟಲು ಒಪ್ಪಿಕೊಂಡು ನೆಮ್ಮದಿಯಾದವರೇ ಕೋರ್ಟಿನಲ್ಲಿ ಹೆಚ್ಚು ಪೆಟ್ಟು ತಿಂದಿದ್ದಾರೆ. ದಿನಕ್ಕೆ ಹತ್ತಾರು ಕರೆಗಳು ಬರುತ್ತಿದ್ದ ಫೋನು ಒಪ್ಪಂದವಾದ ಮರುದಿನ ಮೌನವಾದಾಗ ಆಗುವ ನಿರಾಳವು ಮನುಷ್ಯನನ್ನು ಕಾಗದಗಳಿಂದ ದೂರ ಮಾಡುತ್ತದೆ. ಆಮೇಲೆ ಬಂದ ಲಕೋಟೆಗಳನ್ನು ಅವರು ಒಡೆಯುವುದೇ ಇಲ್ಲ. ಹಳೆಯ ವಿಷಯವಿರಬೇಕು, ಈಗ ಎಲ್ಲವೂ ಸರಿಹೋಗಿದೆಯಲ್ಲ ಎಂದು ಪಕ್ಕಕ್ಕಿಡುತ್ತಾರೆ.

ಒಪ್ಪಂದವನ್ನು ಅಕ್ಷರಶಃ ಪಾಲಿಸಿದವರೂ ಸೋಲಬಹುದು ಎಂಬುದಕ್ಕೆ ಕಾನೂನು ಓದುವ ವಿದ್ಯಾರ್ಥಿಗಳೆಲ್ಲ ತಿಳಿದಿರುವ ಒಂದು ಹಳೆಯ ಮೊಕದ್ದಮೆಯಿದೆ. ಇಂಗ್ಲೆಂಡಿನಲ್ಲಿ ಜೂಲಿಯಾ ಬಿಯರ್ ಎಂಬುವರು ಜಾನ್ ವೆಸ್ಟನ್ ಫೋಕ್ಸ್ ಎಂಬ ವೈದ್ಯರ ವಿರುದ್ಧ 1875ರಲ್ಲಿ 2,090 ಪೌಂಡ್ 19 ಷಿಲಿಂಗ್ ಮೊತ್ತಕ್ಕೆ ತೀರ್ಪು ಪಡೆದರು. ಒಮ್ಮೆಲೇ ಕಟ್ಟಲಾಗದ ಫೋಕ್ಸ್ ಕಾಲಾವಕಾಶ ಕೇಳಿದರು. 1876ರ ಡಿಸೆಂಬರಿನಲ್ಲಿ ಇಬ್ಬರೂ ಲಿಖಿತ ಒಪ್ಪಂದಕ್ಕೆ ಬಂದರು: ಮೊದಲು 500 ಪೌಂಡ್, ಆಮೇಲೆ ಆರು ತಿಂಗಳಿಗೊಮ್ಮೆ 150 ಪೌಂಡ್, ಹೀಗೆ ಪೂರ್ತಿ ಹಣ ಸಲ್ಲಿಕೆಯಾದರೆ ಆ ತೀರ್ಪಿನ ಮೇಲೆ ತಾನು ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲವೆಂದು ಬಿಯರ್ ಬರೆದುಕೊಟ್ಟರು. ಫೋಕ್ಸ್ ತೀರ್ಪಿನ ಹಣವನ್ನು ಪೂರ್ತಿಯಾಗಿ ಕಟ್ಟಿ ಮುಗಿಸಿದರು. ತೀರ್ಪಿನ ಹಣದ ಮೇಲೆ ಕಾನೂನಿನ ಪ್ರಕಾರ ಬಡ್ಡಿ ಬೆಳೆಯುತ್ತದೆ ಎಂಬುದನ್ನು ಆ ಒಪ್ಪಂದ ಎತ್ತಿರಲಿಲ್ಲ. ಬಿಯರ್ ಬಡ್ಡಿ ಕೇಳಿ ಮತ್ತೆ ಕೋರ್ಟಿಗೆ ಹೋದರು, ಮತ್ತು 1884ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಬರಬೇಕಾದ ಹಣಕ್ಕಿಂತ ಕಡಿಮೆ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇನೆ ಎಂಬ ಮಾತಿಗೆ ಎದುರಾಗಿ ಹೊಸದೇನೂ ಪ್ರತಿಫಲ ಸಿಗದಿದ್ದರೆ ಆ ಮಾತು ಸಾಲದಾತರನ್ನು ಕಟ್ಟಿಹಾಕುವುದಿಲ್ಲ ಎಂಬ, 1602ರ ಇನ್ನೊಂದು ಮೊಕದ್ದಮೆಯಿಂದ ಬಂದ ತತ್ವವನ್ನು ಅದು ಎತ್ತಿಹಿಡಿಯಿತು.

ಆ ಪೀಠದಲ್ಲಿದ್ದ ಲಾರ್ಡ್ ಬ್ಲ್ಯಾಕ್‌ಬರ್ನ್‌ಗೆ ಈ ತತ್ವ ಒಪ್ಪಿಗೆಯಾಗಿರಲಿಲ್ಲ. ತನ್ನ ಹಕ್ಕನ್ನು ಪೂರ್ತಿಯಾಗಿ ಹಿಡಿದು ಕೂರುವುದಕ್ಕಿಂತ ಸ್ವಲ್ಪ ಹಣವಾದರೂ ಬೇಗ ಕೈಸೇರುವುದು ಎಷ್ಟೋ ಸಲ ಹೆಚ್ಚು ಲಾಭಕರವೆಂಬುದು ವ್ಯವಹಾರ ಮಾಡುವವರಿಗೆಲ್ಲ ದಿನನಿತ್ಯ ಗೊತ್ತಿರುವ ವಿಷಯ ಎಂದು ಅವರು ಬರೆದರು. ಆದರೂ ಉಳಿದ ನ್ಯಾಯಮೂರ್ತಿಗಳ ಎದುರು ಭಿನ್ನ ತೀರ್ಪು ಕೊಡಲಿಲ್ಲ. ಅವರು ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಆ ತೀರ್ಪನ್ನು ಓದಿದಾಗಲೆಲ್ಲ ಅನ್ನಿಸುತ್ತದೆ. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಇದನ್ನು ಮರುಪರಿಶೀಲಿಸುವ ಅವಕಾಶ ಬಂದಾಗಲೂ ಅದು ಪ್ರಶ್ನೆಯನ್ನು ತೀರ್ಮಾನಿಸದೆ ಬಿಟ್ಟಿತು. ಭಾರತದ ಕಾನೂನು ಮಾತ್ರ ಫೋಕ್ಸ್ ಮೊಕದ್ದಮೆಗಿಂತ ಮೊದಲೇ ಬೇರೆ ದಾರಿ ಹಿಡಿದಿತ್ತು. 1872ರ ಕರಾರು ಅಧಿನಿಯಮದ 63ನೇ ಕಲಮಿನ ಪ್ರಕಾರ ಸಾಲ ಕೊಟ್ಟವರು ಬಾಕಿಯ ಪೂರ್ಣ ಅಥವಾ ಭಾಗವನ್ನು ಬಿಟ್ಟುಕೊಡಬಹುದು, ಅವಧಿ ವಿಸ್ತರಿಸಬಹುದು, ಅಥವಾ ತಮಗೆ ಸರಿಕಂಡ ಬೇರೇನನ್ನಾದರೂ ಸ್ವೀಕರಿಸಿ ಸಾಲ ತೀರಿತೆನ್ನಬಹುದು. ಆ ಕಲಮಿನ ಜೊತೆಗಿರುವ ಉದಾಹರಣೆಯಲ್ಲಿ 5,000 ರೂಪಾಯಿ ಬಾಕಿಯಿರುವಾಗ 2,000 ರೂಪಾಯಿ ಕೊಟ್ಟು, ಸಾಲದಾತ ಅದನ್ನೇ ಪೂರ್ತಿ ಸಾಲದ ಚುಕ್ತಾ ಎಂದು ಒಪ್ಪಿಕೊಂಡರೆ ಇಡೀ ಸಾಲ ತೀರಿದಂತೆ. ಇದು ನ್ಯಾಯವಾದ ನಿಯಮ. ಆದರೆ ನಿಯಮ ತನ್ನಷ್ಟಕ್ಕೆ ತಾನೇ ಎದ್ದುಬಂದು ಯಾರನ್ನೂ ಕಾಪಾಡುವುದಿಲ್ಲ. ಹೀಗೆ ಚುಕ್ತಾ ಆಗಿದೆ ಎಂದು ಯಾರಾದರೂ ಕೋರ್ಟಿಗೆ ಹೇಳಬೇಕು, ಅದಕ್ಕೆ ಬರಹದ ಪುರಾವೆ ತೋರಿಸಬೇಕು. ಹೇಳಬೇಕಾದವರು ಮನೆಯಲ್ಲೇ ಉಳಿದರೆ 63ನೇ ಕಲಮೂ ಅವರೊಂದಿಗೆ ಮನೆಯಲ್ಲೇ ಉಳಿಯುತ್ತದೆ.

ಒಪ್ಪಂದದ ಮಾತು ಎತ್ತುವುದಕ್ಕೂ ಮೊದಲು ಎದುರಿಗಿರುವವರು ಯಾರು ಎಂಬುದನ್ನು ತಿಳಿಯಬೇಕು. ಸಾಲ ಕೊಟ್ಟ ಸಂಸ್ಥೆಯೇ ನೇರವಾಗಿ ಕೇಳುತ್ತಿರಬಹುದು. ಅದು ನೇಮಿಸಿದ ರಿಕವರಿ ಏಜೆಂಟ್ ಕೇಳುತ್ತಿರಬಹುದು. ಅಥವಾ ಆ ಸಾಲವನ್ನೇ ಕೊಂಡುಕೊಂಡ ಮೂರನೆಯವರು ಕೇಳುತ್ತಿರಬಹುದು. ಏಜೆಂಟನಿಗೆ ಬಡ್ಡಿ ಬಿಡುವ ಅಧಿಕಾರವಿದೆಯೇ ಎಂಬುದನ್ನು ಸಂಸ್ಥೆಯ ಪತ್ರವೇ ಹೇಳಬೇಕು; ಅವನ ಬಾಯಿಮಾತಾಗಲಿ, ವಾಟ್ಸಾಪ್ ಸಂದೇಶವಾಗಲಿ ಸಾಲದು. ಸಾಲ ಮಾರಾಟವಾಗಿದ್ದರೆ ವಿಷಯ ಇನ್ನಷ್ಟು ಸೂಕ್ಷ್ಮ. ಅಮೆರಿಕದಲ್ಲಿ ಇದು ದೊಡ್ಡ ಉದ್ಯಮ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಾಲ ಕೊಳ್ಳುವ ದೊಡ್ಡ ಕಂಪನಿಗಳು ಒಂದು ಡಾಲರ್ ಸಾಲಕ್ಕೆ ಸರಾಸರಿ 4 ಸೆಂಟ್ ಮಾತ್ರ ಕೊಟ್ಟಿದ್ದವು, ಮತ್ತು ಕೊಳ್ಳುವ ಹೊತ್ತಿಗೆ ಬಹುಪಾಲು ಸಾಲಗಳ ಮೂಲ ದಾಖಲೆಗಳು ಅವುಗಳ ಕೈಗೆ ಬಂದಿರಲಿಲ್ಲ. ಬಂದದ್ದು ಹೆಸರು, ಮೊತ್ತ, ದಿನಾಂಕಗಳಿರುವ ಕಂಪ್ಯೂಟರ್ ಪಟ್ಟಿ ಮಾತ್ರ. ಹಿಂದಿನವರೊಂದಿಗೆ ಆದ ಒಪ್ಪಂದ, ಕಟ್ಟಿದ ಕಂತು, ಎತ್ತಿದ ತಕರಾರು ಇವೆಲ್ಲ ಆ ಪಟ್ಟಿಯಲ್ಲಿ ಜಾಗವಿಲ್ಲದೆ ಕಳೆದುಹೋಗುತ್ತವೆ. ಅಲ್ಲಿನ 1977ರ ಸಾಲ ವಸೂಲಿ ಕಾಯ್ದೆ ಇದಕ್ಕಾಗಿಯೇ ಒಂದು ಹಕ್ಕು ಕೊಟ್ಟಿದೆ: ಸಾಲದ ವಿವರದ ನೋಟಿಸು ತಲುಪಿದ 30 ದಿನಗಳೊಳಗೆ ಬರಹದಲ್ಲಿ ತಕರಾರು ಎತ್ತಿದರೆ, ಸಾಲವನ್ನು ದೃಢಪಡಿಸುವ ಕಾಗದ ಕಳುಹಿಸುವವರೆಗೆ ವಸೂಲಿಗಾರರು ವಸೂಲಿಯನ್ನು ನಿಲ್ಲಿಸಬೇಕು.

ಭಾರತದಲ್ಲಿ ಈ ಹಕ್ಕಿನ ಪಡಿಯಚ್ಚು ಇಲ್ಲದಿದ್ದರೂ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದಲ್ಲಿ ಸಾಲ ಪಡೆದವರ ಪರವಾಗಿ ಎರಡು ಗಟ್ಟಿ ಮಾತುಗಳಿವೆ. ಸಾಲ ವರ್ಗಾವಣೆಯಾದ ವಿಷಯ ತಿಳಿಯುವ ಮೊದಲು ಹಳೆಯ ಸಾಲದಾತರಿಗೆ ಕಟ್ಟಿದ ಹಣ ಹೊಸಬರ ವಿರುದ್ಧವೂ ಊರ್ಜಿತ ಎನ್ನುತ್ತದೆ 130ನೇ ಕಲಮು. ಸಾಲವನ್ನು ಪಡೆದುಕೊಂಡವರು ಅದಕ್ಕೆ ಅಂಟಿದ್ದ ಎಲ್ಲ ಹೊಣೆಗಳಿಗೂ ಒಳಪಟ್ಟೇ ಅದನ್ನು ಪಡೆಯುತ್ತಾರೆ ಎನ್ನುತ್ತದೆ 132ನೇ ಕಲಮು. ಅಂದರೆ ಮೂಲ ಸಂಸ್ಥೆ ಬಡ್ಡಿ ಬಿಟ್ಟು ಬರೆದುಕೊಟ್ಟಿದ್ದರೆ, ಆ ಸಾಲವನ್ನು ಕೊಂಡವರು ಬಿಟ್ಟ ಬಡ್ಡಿಯನ್ನು ಮತ್ತೆ ಕೇಳುವಂತಿಲ್ಲ. ಹಳೆಯ ಒಪ್ಪಂದದ ಪ್ರತಿಯನ್ನು ಸಾಲ ತೀರಿದ ಮೇಲೂ ಬಿಸಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದರಿಂದಲೇ.

ಇನ್ನು ಸಹಿಯ ಮಾತು. ಕಂತಿನ ಒಪ್ಪಂದಕ್ಕೆ ಹಾಕುವ ಸಹಿ ಬರೀ ಹಣ ಕಟ್ಟುವ ಭರವಸೆಯಲ್ಲ. ಅದು ಸಾಲವನ್ನು ಒಪ್ಪಿಕೊಂಡ ದಾಖಲೆಯೂ ಹೌದು. ದಾವೆ ಹೂಡಲು ಕಾನೂನು ಒಂದು ಕಾಲಮಿತಿ ಇಟ್ಟಿದೆ. ಭಾರತದ 1963ರ ಕಾಲಮಿತಿ ಅಧಿನಿಯಮದಲ್ಲಿ ಸಾಮಾನ್ಯ ಹಣದ ಸಾಲಕ್ಕೆ ಅದು ಮೂರು ವರ್ಷ. ಅವಧಿ ಮುಗಿಯುವ ಮೊದಲು ಸಾಲವನ್ನು ಒಪ್ಪಿಕೊಂಡು ಸಹಿ ಮಾಡಿದರೆ ಆ ದಿನದಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಭಾಗಶಃ ಹಣ ಕಟ್ಟಿ, ಕಟ್ಟಿದ್ದಕ್ಕೆ ಕಟ್ಟಿದವರ ಬರಹವೋ ಸಹಿಯೋ ಇದ್ದರೆ ಆಗಲೂ ಹಾಗೆಯೇ. ಅವಧಿ ಮುಗಿದು ದಾವೆಗೆ ಅವಕಾಶವೇ ಇಲ್ಲದ ಸಾಲವಾದರೆ ಏನು? ಅದನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿಕೊಟ್ಟರೆ, ಕರಾರು ಅಧಿನಿಯಮದ 25ನೇ ಕಲಮಿನ ಮೂರನೇ ಭಾಗದ ಪ್ರಕಾರ ಆ ಬರಹವೇ ಜಾರಿ ಮಾಡಬಹುದಾದ ಹೊಸ ಕರಾರು. ಕೋರ್ಟಿನಲ್ಲಿ ಕೇಳಲಾಗದ ಹಳೆಯ ಸಾಲ ಆ ಒಂದು ಸಹಿಯಿಂದ ಕೇಳಬಹುದಾದ ಸಾಲವಾಗಿ ಬದಲಾಗುತ್ತದೆ. ತುಂಬ ಹಳೆಯ ಬಾಕಿಗೆ ಒಮ್ಮಿಂದೊಮ್ಮೆಗೇ ಧಾರಾಳ ರಿಯಾಯಿತಿಯ ಪತ್ರ ಬಂದರೆ, ಕೊನೆಯ ಕಂತು ಕಟ್ಟಿದ್ದು ಯಾವಾಗ, ಕೊನೆಯ ಸಹಿ ಹಾಕಿದ್ದು ಯಾವಾಗ ಎಂದು ಲೆಕ್ಕ ಹಾಕದೆ ಪೆನ್ನು ಎತ್ತಬಾರದು.

ಈ ವಿಷಯದಲ್ಲಿ ದೇಶದೇಶಗಳ ಕಾನೂನು ಎಷ್ಟು ಬೇರೆಬೇರೆಯಾಗಿದೆ ಎಂಬುದನ್ನು ನೋಡಿದರೆ ನಮ್ಮಲ್ಲಿ ಸಹಿಗೆ ಎಷ್ಟು ತೂಕವಿದೆ ಎಂಬುದು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ 1980ರ ಕಾಯ್ದೆಯಲ್ಲಿ ಆರು ವರ್ಷದ ಅವಧಿ ಒಮ್ಮೆ ಮುಗಿದರೆ ಆಮೇಲಿನ ಒಪ್ಪಿಗೆಯಾಗಲಿ ಪಾವತಿಯಾಗಲಿ ಅದನ್ನು ಎಬ್ಬಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಐದು ವರ್ಷ ಕಳೆದರೆ ಸಾಲ ಇಲ್ಲವೇ ಆಗುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದು ಸಣ್ಣ ಪಾವತಿಯೇ ಗಡಿಯಾರವನ್ನು ಮೊದಲಿಗೆ ತಿರುಗಿಸುತ್ತಿತ್ತು. ನ್ಯೂಯಾರ್ಕ್ 2021ರ ಕಾನೂನಿನಲ್ಲಿ ಗ್ರಾಹಕ ಸಾಲದ ಅವಧಿಯನ್ನು ಆರರಿಂದ ಮೂರು ವರ್ಷಕ್ಕೆ ಇಳಿಸಿ, ಮುಗಿದ ಮೇಲಿನ ಪಾವತಿಯಿಂದ ಅದು ಮತ್ತೆ ಶುರುವಾಗದು ಎಂದು ಬರೆಯಿತು. ಅದೇ ವರ್ಷದ ನವೆಂಬರಿನಿಂದ ಜಾರಿಗೆ ಬಂದ ಅಮೆರಿಕದ ಕೇಂದ್ರ ನಿಯಮವು ಅವಧಿ ಮೀರಿದ ಸಾಲಕ್ಕೆ ದಾವೆ ಹೂಡುವುದನ್ನೂ, ಹೂಡುತ್ತೇವೆಂದು ಬೆದರಿಸುವುದನ್ನೂ ವಸೂಲಿಗಾರರಿಗೆ ನಿಷೇಧಿಸಿದೆ. ಭಾರತದಲ್ಲಿ ಅವಧಿ ಮೀರಿದ ದಾವೆಯನ್ನು ಪ್ರತಿವಾದಿ ಹೇಳದಿದ್ದರೂ ಕೋರ್ಟು ತಾನಾಗಿಯೇ ವಜಾ ಮಾಡಬೇಕೆಂದು ಕಾಲಮಿತಿ ಅಧಿನಿಯಮದ 3ನೇ ಕಲಮು ಹೇಳುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಆ ತಕರಾರನ್ನು ಪ್ರತಿವಾದಿಯೇ ಎತ್ತಬೇಕು. ಎತ್ತದಿದ್ದರೆ ಅದು ಇಲ್ಲದಂತೆಯೇ.

ಒಪ್ಪಂದದ ಜೊತೆಗೆ ಮುಂದಿನ ದಿನಾಂಕದ ಚೆಕ್ಕುಗಳನ್ನು ಕೇಳುವ ಪದ್ಧತಿಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಕಟ್ಟಲು ಶಕ್ತಿಯಿಲ್ಲದ ಮಾತ್ರಕ್ಕೆ ಒಬ್ಬ ವ್ಯಕ್ತಿಯನ್ನು ಡಿಕ್ರಿ ಜಾರಿ ಮಾಡುವಾಗ ಜೈಲಿಗೆ ಕಳುಹಿಸುವುದು ಸಲ್ಲದೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬೌನ್ಸ್ ಆದರೆ ವರ್ಗಾವಣೀಯ ಪತ್ರಗಳ ಅಧಿನಿಯಮದ 138ನೇ ಕಲಮು ಅನ್ವಯವಾಗಬಹುದು. ಮೂವತ್ತು ದಿನದೊಳಗೆ ನೋಟಿಸು ಬಂದು, ಅದು ತಲುಪಿದ ಹದಿನೈದು ದಿನದೊಳಗೆ ಹಣ ಕಟ್ಟದಿದ್ದರೆ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದಾದ ಮೊಕದ್ದಮೆಗೆ ದಾರಿಯಾಗುತ್ತದೆ. ಬ್ಯಾಂಕಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ವಿಫಲವಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಅಂಥದೇ ಕಲಮಿದೆ. ಹೀಗೆ ಸಿವಿಲ್ ಸ್ವರೂಪದ ಬಾಕಿಯೊಂದು ಒಪ್ಪಂದದ ದಿನ ಕೊಟ್ಟ ಒಂದು ಕಟ್ಟು ಚೆಕ್ಕಿನಿಂದ ಕ್ರಿಮಿನಲ್ ಸ್ವರೂಪ ಪಡೆದುಬಿಡುತ್ತದೆ. ಸಂಬಳ ಬರುವ ದಿನ ಖಚಿತವಿಲ್ಲದವರು ಇದಕ್ಕೆ ಒಪ್ಪಲೇಬಾರದು; ಪ್ರತಿ ತಿಂಗಳು ತಾವೇ ಬ್ಯಾಂಕಿನ ಮೂಲಕ ಕಳುಹಿಸಿ ರಸೀದಿ ಪಡೆಯುವ ಕ್ರಮಕ್ಕೆ ಪಟ್ಟು ಹಿಡಿಯಬೇಕು. ಚೆಕ್ ಬೌನ್ಸ್ ಮೊಕದ್ದಮೆಯನ್ನು ರಾಜಿ ಮಾಡಿಕೊಂಡು ಹೊಸ ಚೆಕ್ಕು ಕೊಟ್ಟವರ ಮೇಲೆ ಹಳೆಯ ಮೊಕದ್ದಮೆ, ಹೊಸ ಮೊಕದ್ದಮೆ ಎರಡನ್ನೂ ಜೊತೆಜೊತೆಗೆ ನಡೆಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸಮಾಧಾನದ ಸಂಗತಿ.

ಈಗ ದಾವೆಯ ವಿಷಯಕ್ಕೆ ಬರುತ್ತೇನೆ. ನನಗೆ ಪರಿಚಯವಿರುವ ಮಹಿಳೆಯೊಬ್ಬರು ವಸೂಲಿ ಸಂಸ್ಥೆಯೊಂದಿಗೆ ಫೋನಿನಲ್ಲೇ ಮಾತಾಡಿ ಕಂತು ನಿಗದಿ ಮಾಡಿಕೊಂಡು ತಪ್ಪದೆ ಕಟ್ಟುತ್ತಿದ್ದರು. ನಡುವೆ ಸಮನ್ಸ್ ಬಂತು. ಅವರು ಗಾಬರಿಯಿಂದ ಕರೆ ಮಾಡಿದಾಗ ಆ ಕಡೆಯವರು, “ಮೇಡಂ, ನೀವು ಕರೆಕ್ಟಾಗಿ ಕಟ್ತಾ ಇದ್ದೀರಲ್ಲ, ಕೋರ್ಟಿಗೆಲ್ಲ ಬರೋದು ಬೇಡ. ಅದು ನಮ್ಮ ಕಡೆಯಿಂದ ಆಗೋ ಫಾರ್ಮಾಲಿಟಿ ಅಷ್ಟೆ, ನಾವೇ ನೋಡ್ಕೋತೀವಿ” ಎಂದರು. ಅವರು ನಂಬಿ ಹೋಗಲಿಲ್ಲ. ವಾಯಿದೆಯ ದಿನ ಹೆಸರು ಕೂಗಿದಾಗ ಯಾರೂ ಇರಲಿಲ್ಲವಾದ್ದರಿಂದ ಕೋರ್ಟು ಅವರನ್ನು ಏಕಪಕ್ಷೀಯ ಎಂದು ದಾಖಲಿಸಿ, ವಾದಿಯ ಅಫಿಡವಿಟ್ ಸ್ವೀಕರಿಸಿ, ದಾವಾಪತ್ರದಲ್ಲಿ ಕೇಳಿದ್ದ ಪೂರ್ತಿ ಮೊತ್ತಕ್ಕೆ ಬಡ್ಡಿ ಮತ್ತು ಖರ್ಚು ಸಮೇತ ಡಿಕ್ರಿ ಮಾಡಿತು. ಅವರು ಕಟ್ಟಿದ್ದ ಕಂತುಗಳ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಅದು ಅವರಿಗೆ ತಿಳಿದದ್ದು ಸಂಬಳದ ಜಪ್ತಿಯ ಆದೇಶ ಅವರ ಕಚೇರಿಗೆ ಬಂದಾಗ. ಆ ದಿನ ಅವರ ಮುಖದಲ್ಲಿದ್ದದ್ದು ಕೋಪಕ್ಕಿಂತ ಹೆಚ್ಚಾಗಿ ಅವಮಾನ. ತಾನು ಮಾತಿಗೆ ತಪ್ಪಿದವಳು ಎಂದು ಕಚೇರಿಯವರೆಲ್ಲ ತಿಳಿದುಕೊಂಡರಲ್ಲ ಎಂಬ ನೋವು. ಮಾತಿಗೆ ತಪ್ಪಿದವರು ಅವರಾಗಿರಲಿಲ್ಲ.

ಇದು ಒಬ್ಬರ ದುರದೃಷ್ಟ ಎಂದು ಬದಿಗಿಡುವಂಥದ್ದಲ್ಲ. ಅಮೆರಿಕದ ಪ್ಯೂ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಂಕಿಅಂಶ ದೊರೆತ ಕಡೆಗಳಲ್ಲಿ ಸಾಲ ವಸೂಲಿ ದಾವೆಗಳ ಶೇಕಡಾ 70ಕ್ಕೂ ಹೆಚ್ಚು ಮುಗಿದದ್ದು ಪ್ರತಿವಾದಿ ಹಾಜರಾಗದೆ ಅಥವಾ ಉತ್ತರ ಕೊಡದೆ ಆದ ತೀರ್ಪಿನಿಂದ. ವಕೀಲರನ್ನು ಇಟ್ಟುಕೊಂಡಿದ್ದ ಪ್ರತಿವಾದಿಗಳು ಶೇಕಡಾ 10ಕ್ಕಿಂತ ಕಡಿಮೆ. ಹಾಜರಾಗದವರಲ್ಲಿ ಸಮನ್ಸ್ ಮುಟ್ಟದೆ ಇದ್ದವರು, ಹೆದರಿದವರು, ರಜೆ ಸಿಗದವರು ಎಲ್ಲರೂ ಇರುತ್ತಾರೆ. ಹೇಗೂ ರಾಜಿಯಾಗಿದೆ ಎಂದು ಉಳಿದವರೂ ಇರುತ್ತಾರೆ, ಮತ್ತು ನನ್ನ ಮನಸ್ಸನ್ನು ಹೆಚ್ಚು ಕಾಡುವವರು ಅವರೇ.

ಸಮನ್ಸಿಗೆ ಉತ್ತರ ಕೊಡಲು ಇರುವ ಸಮಯ ಎಲ್ಲ ಕಡೆಯೂ ಚಿಕ್ಕದು. ಇಂಗ್ಲೆಂಡಿನಲ್ಲಿ 14 ದಿನ, ಸ್ವೀಕೃತಿ ಪತ್ರ ಸಲ್ಲಿಸಿದರೆ 28. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 20ರಿಂದ 30 ದಿನ. ಭಾರತದ ಸಾಮಾನ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ 30 ದಿನ, ಕಾರಣ ಕೊಟ್ಟರೆ 90 ದಿನದವರೆಗೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ (ಆ ಸಂಹಿತೆಯ ಅಧ್ಯಾಯಗಳಿಗೆ ಆದೇಶ ಎನ್ನುತ್ತಾರೆ) ಹೂಡಿದ ಸಂಕ್ಷಿಪ್ತ ದಾವೆಯಾದರೆ ಹಾಜರಾತಿಗೆ ಹತ್ತೇ ದಿನ, ಮತ್ತು ವಾದ ಮಂಡಿಸಲು ಕೋರ್ಟಿನ ಅನುಮತಿಯನ್ನೇ ಪ್ರತ್ಯೇಕವಾಗಿ ಕೇಳಬೇಕು. ಆದ್ದರಿಂದ ಸಮನ್ಸಿನ ಮೇಲ್ಭಾಗದಲ್ಲಿ ಯಾವ ಆದೇಶ ಬರೆದಿದೆ ಎಂಬುದನ್ನು ಮೊದಲು ನೋಡಬೇಕು. ಉತ್ತರದಲ್ಲಿ ಸಾಲವನ್ನೇ ಅಲ್ಲಗಳೆಯಬೇಕೆಂದೇನಿಲ್ಲ. ಇಂಥ ದಿನ ಇಂಥ ಒಪ್ಪಂದವಾಗಿದೆ, ಇಂತಿಂಥ ದಿನಾಂಕಗಳಲ್ಲಿ ಇಷ್ಟು ಕಟ್ಟಿದ್ದೇನೆ, ವಾದಿ ಅದನ್ನು ಮರೆಮಾಚಿದ್ದಾರೆ ಎಂದು ಹೇಳಿ ಬ್ಯಾಂಕಿನ ಪಟ್ಟಿಯನ್ನು ಲಗತ್ತಿಸಿದರೂ ದಾವೆಯ ಚಹರೆಯೇ ಬದಲಾಗುತ್ತದೆ. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದುಪಡಿಸಲು 9ನೇ ಆದೇಶದ 13ನೇ ನಿಯಮದಡಿ 30 ದಿನಗಳೊಳಗೆ ಅರ್ಜಿ ಹಾಕಬಹುದು; ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಆ ದಿನಗಳು ಡಿಕ್ರಿಯ ವಿಷಯ ತಿಳಿದಂದಿನಿಂದ ಎಣಿಕೆಯಾಗುತ್ತವೆ. ಮೇಲೆ ಹೇಳಿದ ಮಹಿಳೆಗೆ ಸಮನ್ಸ್ ಸರಿಯಾಗಿಯೇ ಜಾರಿಯಾಗಿತ್ತು. ವಿಳಂಬವನ್ನು ಮನ್ನಿಸಲು ಕೇಳಿಕೊಂಡು, ಕಟ್ಟಿದ ಹಣದ ದಾಖಲೆ ತೋರಿಸಿ, ಬಹಳ ಓಡಾಟದ ನಂತರ ಡಿಕ್ರಿ ರದ್ದಾಯಿತು.

ದಾವೆ ಬಾಕಿಯಿರುವಾಗ ರಾಜಿ ಮಾಡಿಕೊಳ್ಳುವುದಾದರೆ ಆ ರಾಜಿ ಕೋರ್ಟಿನ ಕಡತದೊಳಕ್ಕೆ ಹೋಗಲೇಬೇಕು. ಭಾರತದಲ್ಲಿ ಇದಕ್ಕೆ 23ನೇ ಆದೇಶದ 3ನೇ ನಿಯಮವಿದೆ: ಎರಡೂ ಕಡೆಯವರು ಸಹಿ ಹಾಕಿದ ಲಿಖಿತ ರಾಜಿಯನ್ನು ಕೋರ್ಟು ದಾಖಲಿಸಿಕೊಂಡು ಅದರ ಪ್ರಕಾರವೇ ಡಿಕ್ರಿ ಮಾಡುತ್ತದೆ. ಲೋಕ ಅದಾಲತ್ ಇನ್ನೊಂದು ದಾರಿ. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಅಲ್ಲಿನ ಅವಾರ್ಡು ಸಿವಿಲ್ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅದರ ಮೇಲೆ ಅಪೀಲು ಇಲ್ಲ. ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಹೊರಡಿಸಿದ ಚೌಕಟ್ಟಿನಲ್ಲಿ, ನ್ಯಾಯಾಂಗ ವೇದಿಕೆಯಲ್ಲಿ ವಸೂಲಿ ಪ್ರಕ್ರಿಯೆ ಬಾಕಿಯಿದ್ದರೆ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಮಾಡಿಕೊಳ್ಳುವ ಯಾವುದೇ ರಾಜಿ ಆ ವೇದಿಕೆಯಿಂದ ಒಪ್ಪಿಗೆಯ ಡಿಕ್ರಿ ಪಡೆಯುವುದಕ್ಕೆ ಒಳಪಟ್ಟಿರಬೇಕು ಎಂದಿದೆ. “ಕೋರ್ಟಿನಲ್ಲಿ ಹಾಕುವುದು ಬೇಡ, ನಮ್ಮ ನಮ್ಮಲ್ಲೇ ಮುಗಿಸೋಣ” ಎನ್ನುವ ಅಧಿಕಾರಿಗೆ ಈ ಸಾಲನ್ನು ವಿನಯದಿಂದಲೇ ತೋರಿಸಬಹುದು.

ಒಪ್ಪಿಗೆಯ ಡಿಕ್ರಿಗೂ ಅಪಾಯವಿದೆ ಎಂಬುದನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಅಪೀಲು ಮಾಡಲಾಗದು; ಕಂತು ತಪ್ಪಿದರೆ ಹೊಸ ದಾವೆ ಹೂಡದೆ ನೇರವಾಗಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ, ಹಾಕಬಹುದು, ಅದೂ ಹನ್ನೆರಡು ವರ್ಷದವರೆಗೆ. ಆದುದರಿಂದ ರಾಜಿ ಪತ್ರದಲ್ಲಿ ನಾನು ಮೊದಲು ಹುಡುಕುವುದು ಕಂತಿನ ಮೊತ್ತವನ್ನಲ್ಲ, ಕಂತು ತಪ್ಪಿದರೆ ಏನಾಗುತ್ತದೆ ಎಂಬ ಸಾಲನ್ನು. ಒಂದು ಕಂತು ಒಂದು ದಿನ ತಡವಾದರೂ ಬಿಟ್ಟುಕೊಟ್ಟ ಬಡ್ಡಿಯೆಲ್ಲ ಮರಳಿ ಬಂದು ಪೂರ್ತಿ ಹಣ ಒಮ್ಮೆಲೇ ಕೊಡಬೇಕು ಎಂದು ಬರೆದಿರುವುದು ಸಾಮಾನ್ಯ. ಅದರ ಜಾಗದಲ್ಲಿ ಎರಡು ಕಂತು ಸತತವಾಗಿ ತಪ್ಪಿದರೆ ಎಂದೂ, ಬರಹದಲ್ಲಿ ತಿಳಿಸಿ ಹದಿನೈದು ದಿನ ಕಾದ ಮೇಲೆ ಎಂದೂ ಬರೆಸಬಹುದು. ಕೇಳಿದರೆ ಬಹಳ ಸಲ ಒಪ್ಪುತ್ತಾರೆ, ಕೇಳುವವರೇ ಕಡಿಮೆ. ಒಪ್ಪಂದದ ದಿನದಿಂದ ಬಡ್ಡಿ ನಿಂತಿದೆಯೇ, ನಿಂತಿಲ್ಲದಿದ್ದರೆ ಎಷ್ಟು ಎಂಬುದೂ ಅಂಕಿಯಲ್ಲಿ ಇರಬೇಕು. ಫೋಕ್ಸ್ ಅವರ ಒಪ್ಪಂದದಲ್ಲಿ ಇಲ್ಲದೆ ಹೋದದ್ದು ಆ ಒಂದು ಸಾಲು. ಇಂಗ್ಲೆಂಡಿನಲ್ಲಿ 1927ರಿಂದ ಟಾಮ್ಲಿನ್ ಆದೇಶವೆಂಬ ಪದ್ಧತಿಯಿದೆ. ರಾಜಿಯ ಷರತ್ತುಗಳನ್ನು ಅನುಬಂಧದಲ್ಲಿಟ್ಟು ದಾವೆಯನ್ನು ತಡೆಹಿಡಿಯುತ್ತಾರೆ, ತೀರ್ಪು ದಾಖಲಾಗುವುದಿಲ್ಲ, ಹಾಗಾಗಿ ಆರು ವರ್ಷ ಸಾಲ ಪಡೆದವರನ್ನು ಕಾಡುವ ತೀರ್ಪುಗಳ ನೋಂದಣಿ ಪಟ್ಟಿಗೆ ಹೆಸರು ಸೇರುವುದಿಲ್ಲ. ಕಂತು ಕಟ್ಟುತ್ತಿರುವವರ ಮಾನವನ್ನು ಕಾಯುವ ಇಂಥ ವ್ಯವಸ್ಥೆ ಎಲ್ಲ ಕಡೆಯೂ ಇರಬೇಕಿತ್ತು.

ಡಿಕ್ರಿಯಾದ ಮೇಲೆ ಹೊರಗೆ ಕಟ್ಟುವ ಹಣದ ಬಗ್ಗೆ ಇರುವ ನಿಯಮವಂತೂ ಕಠಿಣವಾದದ್ದು, ಮತ್ತು ಅದನ್ನು ತಿಳಿದವರು ತೀರಾ ಕಡಿಮೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 2ನೇ ನಿಯಮದ ಪ್ರಕಾರ, ಡಿಕ್ರಿದಾರರಿಗೆ, ಅಂದರೆ ಡಿಕ್ರಿ ಪಡೆದವರಿಗೆ, ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಅವರು ಕೋರ್ಟಿಗೆ ತಿಳಿಸಿ ದಾಖಲಿಸಬೇಕು. ಅವರು ಮಾಡದಿದ್ದರೆ ಹಣ ಕೊಟ್ಟವರು ಅರ್ಜಿ ಹಾಕಿ ದಾಖಲಿಸಿಕೊಳ್ಳಬಹುದು. ಆ ಅರ್ಜಿಗೆ ಇರುವ ಕಾಲ ಪಾವತಿಯ ದಿನದಿಂದ 30 ದಿನ. ಹಾಗೆ ದಾಖಲಾಗದ ಪಾವತಿಯನ್ನು ಅಮಲ್ಜಾರಿ ಮಾಡುವ ಯಾವ ಕೋರ್ಟೂ ಪರಿಗಣಿಸುವಂತಿಲ್ಲ. ನಿಯಮದ ಉದ್ದೇಶ ಸುಳ್ಳು ರಸೀದಿಗಳನ್ನು ತಡೆಯುವುದು ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಸಹಿ, ಮೊಹರು, ಬ್ಯಾಂಕಿನ ದಾಖಲೆ ಎಲ್ಲ ಇದ್ದೂ ಆ ಮೂವತ್ತು ದಿನ ದಾಟಿದವರು ಕಟ್ಟಿದ ಹಣಕ್ಕೇ ಮತ್ತೆ ಜಪ್ತಿ ಎದುರಿಸಬೇಕಾದ ಸ್ಥಿತಿಯನ್ನು ನ್ಯಾಯ ಎನ್ನಲು ನನ್ನಿಂದಾಗದು. ಸುರಕ್ಷಿತ ದಾರಿ ಕೋರ್ಟಿನಲ್ಲೇ ಠೇವಣಿ ಇಡುವುದು. ಹೊರಗೆ ಕಟ್ಟಿದರೆ ಪ್ರತಿ ಪಾವತಿಯ ಮೆಮೊವನ್ನು ಡಿಕ್ರಿದಾರರ ವಕೀಲರಿಂದ ಕಡತಕ್ಕೆ ಹಾಕಿಸಿ, ಅದರ ಪ್ರತಿಯನ್ನು ತೆಗೆದುಕೊಳ್ಳಬೇಕು.

ವಾದಿಗಳು ಒಪ್ಪಂದವನ್ನು ಮುಚ್ಚಿಟ್ಟು ಪಡೆದ ಡಿಕ್ರಿಗೆ ಕಾನೂನಿನಲ್ಲಿ ಮದ್ದೇ ಇಲ್ಲವೆಂದಲ್ಲ. ಮುಖ್ಯ ದಾಖಲೆಯನ್ನು ಬಚ್ಚಿಟ್ಟು ಲಾಭ ಪಡೆಯುವುದು ಕೋರ್ಟಿಗೇ ಮಾಡಿದ ವಂಚನೆ, ಅಂಥ ಡಿಕ್ರಿ ಶೂನ್ಯ ಎಂದು 1993ರಲ್ಲಿ ಚೆಂಗಲ್ವರಾಯ ನಾಯ್ಡು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಆದರೆ ಅದನ್ನು ಸಾಧಿಸುವ ಹೊರೆ ಬೀಳುವುದು ಕಂತು ಕಟ್ಟಲೇ ಕಷ್ಟಪಡುತ್ತಿರುವವರ ಮೇಲೆ. ಇಂಗ್ಲೆಂಡ್ 2017ರ ಅಕ್ಟೋಬರ್ 1ರಿಂದ ಈ ಹೊರೆಯನ್ನು ವಸೂಲಿಗಾರರ ಕಡೆಗೆ ತಿರುಗಿಸಿದೆ. ವ್ಯವಹಾರ ಸಂಸ್ಥೆಯೊಂದು ವ್ಯಕ್ತಿಯ ಮೇಲೆ ಸಾಲದ ದಾವೆ ಹೂಡುವ ಮೊದಲು ಪಾಲಿಸಬೇಕಾದ ಅಲ್ಲಿನ ಕ್ರಮದಂತೆ ಮೊದಲು ಪತ್ರ ಬರೆದು 30 ದಿನ ಕಾಯಬೇಕು. ಕಂತುಗಳು ಈಗಾಗಲೇ ಬರುತ್ತಿದ್ದರೆ ಅಥವಾ ಕಟ್ಟುತ್ತೇನೆಂದು ಕೇಳಿದ್ದರೆ, ಅದು ಏಕೆ ಒಪ್ಪಿಗೆಯಿಲ್ಲ ಮತ್ತು ದಾವೆಯ ಯೋಚನೆ ಏಕೆ ಎಂಬುದನ್ನು ಆ ಪತ್ರದಲ್ಲೇ ವಿವರಿಸಬೇಕು. ಒಪ್ಪಂದವಾಗಿ ಅದು ಪಾಲನೆಯಾಗುತ್ತಿರುವವರೆಗೆ ದಾವೆ ಹೂಡಬಾರದು.

ಭಾರತದಲ್ಲಿ ಇದಕ್ಕೆ ದೊಡ್ಡ ಕಾಯ್ದೆಯೇನೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ದಾವೆಗೆ ಕಾರಣ ಯಾವಾಗ ಹುಟ್ಟಿತು, ಕೋರ್ಟಿನ ವ್ಯಾಪ್ತಿ ಯಾವುದು, ದಾವೆಯ ಮೌಲ್ಯ ಎಷ್ಟು ಎಂಬುದಕ್ಕೆಲ್ಲ ಪ್ರತಿ ದಾವಾಪತ್ರದಲ್ಲೂ ಈಗಲೇ ಒಂದೊಂದು ಕಂಡಿಕೆ ಬರೆಯುತ್ತಾರೆ. ಹಣ ವಸೂಲಿಯ ದಾವೆಗಳಲ್ಲಿ ಅವುಗಳ ಜೊತೆ ಇನ್ನೊಂದು ಕಂಡಿಕೆಯನ್ನು ಕಡ್ಡಾಯ ಮಾಡಿದರೆ ಸಾಕು: ಪ್ರತಿವಾದಿಯೊಂದಿಗೆ ಕಂತಿನ ಅಥವಾ ಚುಕ್ತಾದ ಮಾತುಕತೆ ಆಗಿದೆಯೇ, ಆಗಿದ್ದರೆ ಯಾವ ದಿನಾಂಕದಲ್ಲಿ, ಫೋನಿನಲ್ಲೋ ಬರಹದಲ್ಲೋ, ಅದರಡಿ ಇದುವರೆಗೆ ಎಷ್ಟು ಹಣ ಬಂದಿದೆ, ದಾವೆ ಹೂಡಿದ ಮೇಲೆ ಬಂದ ಹಣವೆಷ್ಟು. ಏಕಪಕ್ಷೀಯ ಡಿಕ್ರಿ ಕೇಳುವ ದಿನ ಇದೇ ವಿವರವನ್ನು ಅಫಿಡವಿಟ್‌ನಲ್ಲಿ ಮತ್ತೊಮ್ಮೆ ಪ್ರಮಾಣ ಮಾಡಿ ಹೇಳಿಸಬೇಕು, ಮತ್ತು ಆ ಅಫಿಡವಿಟ್ ಸಲ್ಲಿಸುವವರು ಸಂಸ್ಥೆಯ ಲೆಕ್ಕದ ಪುಸ್ತಕ ನೋಡುವ ಅಧಿಕಾರವಿರುವ ನೌಕರರೇ ಆಗಿರಬೇಕು.